ಭಾವನ ಪಿಟೀಲು

ಹಳೆಯ ಪಿಟೀಲು ಅಸಲಿಯೋ ನಕಲಿಯೋ, ಅದರ ಸ್ಥಿತಿ ಹೇಗಿದೆ ಎಂದು ನೋಡಿ ಹೇಳುವುದು ಅವನ ಕಸುಬು. ಜನ ಇಟ್ಟ ಹೆಸರು ಇಲ್ಲಪ್ಪ. ಮುತ್ತಾತನ ಕಾಲದ್ದೆಂದು ಎದೆಯುಬ್ಬಿಸಿಕೊಂಡು ಬಂದವರಿಗೆಲ್ಲ ಇವನು ಕನ್ನಡಕ ಹಣೆಗೇರಿಸಿ "ಇಲ್ಲಪ್ಪ" ಎನ್ನುತ್ತಿದ್ದ. ಅವರ ಮುಖ ಸಪ್ಪಗಾಗುವುದನ್ನು ನೋಡಿ ನೋಡಿ ಇವನಿಗೂ ಸಾಕಾಗಿಹೋಗಿತ್ತು. ಒಳಗೆ ಅಂಟಿಸಿದ, ಮಾಡಿದವನ ಹೆಸರಿನ ಚೀಟಿ ತೋರಿಸಿ ವಾದಕ್ಕಿಳಿಯುವವರ ಜೊತೆ ಗಂಟಲು ಹರಿದುಕೊಳ್ಳುವ ತ್ರಾಣವೂ ಉಳಿದಿರಲಿಲ್ಲ. ಚೀಟಿಗೇನು, ಯಾರು ಬೇಕಾದರೂ ಅಂಟಿಸಬಹುದು.

ಆ ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದವಳು ಸ್ವಂತ ಅಕ್ಕ. ಏದುಸಿರು ಬಿಡುತ್ತಲೇ ತೀರಿಹೋದ ಗಂಡನ ಪಿಟೀಲಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. ಮದುವೆಯಾದ ಹೊಸತರಲ್ಲಿ ಭಾವ ಇದ್ದೊಂದು ಜಾಗ ಮಾರಿ ಅದನ್ನು ಕೊಂಡಿದ್ದ. ಯಾರೋ ಚೆನ್ನಾಗಿ ಟೋಪಿ ಹಾಕಿದರು ಎಂದು ಬಳಗವೆಲ್ಲ ಆಡಿಕೊಂಡಿತ್ತು. ಪಾಪ, ಇವನಿಗೆ ತೋರಿಸುವ ಧೈರ್ಯ ಭಾವನಿಗೆ ಕೊನೆಯವರೆಗೂ ಬರಲಿಲ್ಲ.

"ಅವರು ಮೋಸ ಹೋದ್ರಾ ಇಲ್ವಾ, ಅಷ್ಟು ಹೇಳ್ಬಿಡು," ಎಂದಳು ಅಕ್ಕ. "ಎಲ್ಲರ ಜೊತೆ ಸೇರ್ಕೊಂಡು ನಾನೂ ನಕ್ಕಿದ್ದೀನಿ ಕಣೋ. ಅದೇ ಕೊರೀತಾ ಇದೆ."

ಮುಚ್ಚಳ ತೆರೆದರೆ ಪಿಟೀಲು ಹೊಸ ಊಟದ ಮೇಜಿನಂತೆ ಫಳಫಳ ಹೊಳೆಯುತ್ತಿತ್ತು. ಪಾಲಿಶಿನ ಘಾಟು ಮೂಗಿಗೆ ಬಡಿಯಿತು. ಇದೂ ಅಷ್ಟೇ ಎಂದುಕೊಂಡ. ಆದರೂ ಅಕ್ಕನ ವಿಷಯದಲ್ಲಿ ಕಾಟಾಚಾರ ಬೇಡವೆಂದು, ನಾದ ಹೊರಬರಲೆಂದು ಮೈಯಲ್ಲಿ ಕೊರೆದ ಸೀಳಿನಲ್ಲಿ ಸಣ್ಣ ದೀಪವನ್ನೂ ಹಲ್ಲಿನ ಡಾಕ್ಟರರ ಕನ್ನಡಿಯನ್ನೂ ಇಳಿಸಿ ಒಳಗೆ ನೋಡಿದ.

ಒಳಗಿನ ಮರ ಒಂದೇ ಸಮನಾಗಿ ಕಂದಿತ್ತು. ಮಾಡಿದವನ ಉಳಿಯ ಗೆರೆಗಳು ಇದ್ದಲ್ಲೇ ಇದ್ದವು. ಮೇಲಿನ ಹಲಗೆಯಾಗಲಿ ಕತ್ತಾಗಲಿ ಬದಲಾಗಿರಲಿಲ್ಲ. ತುದಿಯ ಸುರುಳಿಯ ಸಂದಿಯಲ್ಲಿ, ಬಟ್ಟೆ ತಲುಪದ ಕಡೆ, ಜೇನಿನ ಬಣ್ಣದ ಹಳೆಯ ವಾರ್ನಿಶ್ ಒಂದಿಷ್ಟು ಉಳಿದಿತ್ತು. ಇಂಥದ್ದನ್ನು ಅವನು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಬಿಟ್ಟರೆ ಎಲ್ಲೂ ಕಂಡವನಲ್ಲ. ಉಳಿದ ಮೈತುಂಬ ಉಪ್ಪುಕಾಗದದ ಗೀರುಗಳು, ಅವೂ ಹೊಚ್ಚ ಹೊಸವು. ಕೆರೆದುಹೋದ ಆ ವಾರ್ನಿಶ್ ಮತ್ತೆ ಬರುವಂಥದ್ದಲ್ಲ, ಅದರ ಜೊತೆ ಪಿಟೀಲಿನ ಬೆಲೆಯೂ ಹೋದಂತೆ; ಅವನಿಗೆ ಅಳು ಬಂದಂತಾಯಿತು.

"ಅಸಲಿ ಅಕ್ಕಾ," ಎಂದ. "ಭಾವ ಮೋಸ ಹೋಗಿರ್ಲಿಲ್ಲ."

ಅಕ್ಕ ಕಣ್ಣೊರೆಸಿಕೊಂಡು ನಕ್ಕಳು. ಅಷ್ಟಕ್ಕೇ ನಿಲ್ಲಿಸೋಣ ಎಂದುಕೊಂಡ ಇಲ್ಲಪ್ಪ. ಇವಳಿಗೇಕೆ ಉಳಿದ ಸಂಕಟ? ಬೇಗಬೇಗ ಮುಚ್ಚಳಕ್ಕೆ ಕೈ ಹಾಕಿದ.

"ತಾಳು," ಎಂದಳು ಅಕ್ಕ. "ನಿನಗೆ ತೋರಿಸ್ಬೇಕಲ್ಲ ಅಂತ ಹೋದ ವಾರವೆಲ್ಲ ಕೂತು ಉಜ್ಜಿದೀನಿ. ಕರ್ರಗೆ ಜಿಡ್ಡು ಹಿಡಿದಿತ್ತು ಮಾರಾಯ! ಕೆರೆದು ಕೆರೆದು, ಬಾಗಿಲಿಗೆ ಅಂತ ತಂದಿದ್ದ ಪಾಲಿಶ್ ಹಚ್ಚಿದೆ. ಆ ಸುರುಳಿ ಸಂದಿಗೆ ಮಾತ್ರ ಕೈ ಹೋಗ್ಲಿಲ್ಲ. ಅಸಲಿ ಅಂದ್ಮೇಲೆ ಅದನ್ಯಾಕೆ ಬಿಡ್ಲಿ, ಇವತ್ತೇ ಹೋಗಿ..."

"ಬೇಡ!"

ಕೂಗಿದ ರಭಸಕ್ಕೆ ಅವನೇ ಬೆಚ್ಚಿದ. ಅಕ್ಕ ಅವನ ಮುಖ ನೋಡಿದಳು, ಪಿಟೀಲು ನೋಡಿದಳು.

"ನಾನೇ ಹಾಳು ಮಾಡಿದ್ನೇನೋ?"

ಅವಳ ಮುಂದೆ ಸುಳ್ಳು ಹೇಳುವುದು ಚಿಕ್ಕಂದಿನಿಂದಲೂ ಅವನ ಕೈಲಾಗದ ಕೆಲಸ. ತಲೆ ತಗ್ಗಿಸಿ ಆ ಹೊಸ ಗೀರುಗಳ ಮೇಲೆ ಬೆರಳಾಡಿಸಿದ.

ಅಕ್ಕ ತನ್ನ ಕೈಗಳನ್ನು ನೋಡಿಕೊಂಡಳು. ಉಗುರ ಸಂದಿಯಲ್ಲಿ ಪಾಲಿಶ್ ಇನ್ನೂ ಅಂಟಿಕೊಂಡಿತ್ತು.

"ಬದುಕಿರೋವರೆಗೂ ಅವರು ಇದನ್ನ ಮುಟ್ಟೋಕೆ ಬಿಡ್ಲಿಲ್ಲ," ಎಂದಳು. "ನಾನು ಜಂಬ ಅಂದ್ಕೊಂಡಿದ್ದೆ."