ಓಡುವ ಜೋರು, ಒದರುವ ಜೋರು

ನಿಪ್ಪಾಣಿಯ ಅಕ್ಕೋಳ ರಸ್ತೆಯಲ್ಲಿ ‘ಮೆಹೆಕ ಸೈಲೆನ್ಸರ್ ವರ್ಕ್ಸ್’ ಎಂಬ ಬೋರ್ಡು ಇದೆ. ಮೆಹೆಕ ಎಂದರೆ ಸುವಾಸನೆ. ಆ ಬೋರ್ಡಿನ ಕೆಳಗೆ ನಿಂತು ಉಸಿರೆಳೆದರೆ ಸುಟ್ಟ ಡೀಸೆಲ್, ಕಾದ ಕಬ್ಬಿಣ, ಹಳೆಯ ಗ್ರೀಸು ಎಲ್ಲ ಒಟ್ಟಿಗೆ ಮೂಗಿಗೆ ಏರುತ್ತವೆ. ಇದೇನಪ್ಪ ಎಂದು ಮಾಲೀಕನನ್ನು ಕೇಳಿದರೆ, “ಅಂಗಡಿಗಿ ಮಗಳ ಹೆಸರ ಇಟ್ಟೀನ್ರಿ. ಮಗಳಿಗಿ ಅಂಗಡಿ ವಾಸನಿ ಹಚ್ಚಿಲ್ಲಲ್ಲ, ಅಷ್ಟ ಸಾಕು” ಎನ್ನುತ್ತಾನೆ.

ಮಾಲೀಕನ ಹೆಸರು ಖಲೀಲ. ವಯಸ್ಸು ಐವತ್ತರ ಹತ್ತಿರ, ಅಂದರೆ ನನ್ನದೇ ವಯಸ್ಸು. ಎಡಗಡೆಯ ಹುಬ್ಬು ಇಲ್ಲ. ಎಂದೋ ಗ್ಯಾಸಿನ ಉರಿಗೆ ಹೋದದ್ದು ಮರಳಿ ಬೆಳೆದಿಲ್ಲ. ತಂದೆ ಹಾಜಿಮಲಂಗ ತಂಬಾಕಿನ ವಖಾರಿಗಳಿಗೆ ತಗಡಿನ ಡಬ್ಬಿ ಬೆಸೆದು ಕೊಡುತ್ತಿದ್ದವರು. ಒಳಗಿನ ಘಾಟು ಹೊರಗೆ ಬರಬಾರದು ಎಂಬುದಷ್ಟೇ ಅವರ ವಿದ್ಯೆ. ಮಗ ಅದೇ ವಿದ್ಯೆಯನ್ನು ಹೊಗೆಗೂ ಸದ್ದಿಗೂ ಹಚ್ಚಿದ.

ಖಲೀಲ ಸೈಲೆನ್ಸರ್ ನೋಡುವುದಿಲ್ಲ, ಕೇಳುತ್ತಾನೆ. ಇಂಜಿನ್ ಚಾಲೂ ಇಟ್ಟು, ಒದ್ದೆ ಗೋಣಿಯ ಮಡಿಕೆಯಿಂದ ಹಿಂದಿನ ಬಾಯಿ ಮುಚ್ಚಿ, ನೆಲಕ್ಕೆ ಅಂಗಾತ ಬಿದ್ದು ಕಿವಿ ಕೊಡುತ್ತಾನೆ. ಎಲ್ಲಿ ಸುಸ್ ಎಂದಿತೋ ಅಲ್ಲಿ ಸೀಮೆಸುಣ್ಣದ ಗೆರೆ. ಬೆಸುಗೆ ಮುಗಿದ ಮೇಲೆ ಜೋಡಿಗೆಯ ಪಕ್ಕದಲ್ಲಿ ಸಾಲಾಗಿ ಮೂರು ಚುಕ್ಕೆ ಹಾಕುತ್ತಾನೆ. ಅದು ಅವನ ಸಹಿ. “ಮೂರ ಟಿಪಕಿ ಇದ್ದ ಜಾಗಾ ಮತ್ತ ಸೋರಿದ್ರ ಪುಕಟ ಮಾಡಿ ಕೊಡ್ತೀನಿ” ಎಂಬುದು ಅವನ ಮಾತು. ಹಾಗೆ ಪುಕ್ಕಟೆ ಮಾಡಿಸಿಕೊಂಡವರನ್ನು ನಾನಂತೂ ಕಂಡಿಲ್ಲ.

ಹರೆಯದಲ್ಲಿ ಖಲೀಲನೂ ಬೈಕುಗಳ ಸೈಲೆನ್ಸರ್ ಕೊಯ್ದು, ಗುಡುಗುವಂತೆ ಮಾಡಿಕೊಟ್ಟವನೇ. ಮೆಹೆಕ ಹುಟ್ಟಿದ ವರ್ಷ ಒಂದು ದಿನ ಅಂಗಳದಲ್ಲೇ ಅಂಥ ಗಾಡಿಯೊಂದನ್ನು ಚಾಲೂ ಮಾಡಿದ. ತೊಟ್ಟಿಲಲ್ಲಿದ್ದ ಕೂಸು ಉಸಿರು ಕಟ್ಟಿ ನೀಲಿಗಟ್ಟಿತು. ಹೆಂಡತಿ ಕುಲಸುಂಬಿ ಕೂಸನ್ನು ಎತ್ತಿಕೊಂಡು ಬಂದು ಅವನ ಎದುರಿಗೆ ನಿಂತಳು. ಅಂದಿನಿಂದ ಕಂಪನಿ ಕೊಟ್ಟ ಸೈಲೆನ್ಸರ್‌ಗೆ ಅವನು ಕಟ್ಟರ್ ಹಚ್ಚಲಿಲ್ಲ. ಹದಿನೇಳು ವರ್ಷ ಹಚ್ಚಲಿಲ್ಲ. ಹದಿನೆಂಟನೆಯ ವರ್ಷ ನಾನು ಹೋದೆ.

ಹೋಗುವ ಹೊತ್ತಿಗೆ ಅವನ ಬದುಕು ಹೇಗಿತ್ತು ಎಂಬುದನ್ನು ಹೇಳದಿದ್ದರೆ ನನ್ನ ಘನಕಾರ್ಯ ನಿಮಗೆ ಪೂರ್ತಿ ತಿಳಿಯುವುದಿಲ್ಲ. ಮೂವತ್ತು ವರ್ಷ ನೆಲದ ಮೇಲೆ ಅಂಗಾತ ಬಿದ್ದು ಕೈ ಮೇಲೆತ್ತಿ ಬೆಸೆದು ಅವನ ಭುಜ ಹಿಡಿದುಕೊಂಡಿತ್ತು. ಬಲಗೈ ಕಿವಿಯ ಮೇಲಕ್ಕೆ ಏಳುತ್ತಿರಲಿಲ್ಲ. ಆಗ ಊರ ಹೊರಗಿನ ಒಂದು ಶಿಕ್ಷಣ ಸಂಸ್ಥೆಯವರು ತಮ್ಮ ಆರೂ ಬಸ್ಸುಗಳ ಕೆಲಸವನ್ನು ಅವನಿಗೇ ಕೊಡುವ ಮಾತಾಡಿದ್ದರು. ಅವರ ಶೆಡ್ಡಿನಲ್ಲಿ ಸಿಮೆಂಟಿನ ತಗ್ಗು ಇದೆ. ಬಸ್ಸು ಮೇಲೆ ನಿಲ್ಲುತ್ತದೆ, ಕೆಲಸದವನು ತಗ್ಗಿನಲ್ಲಿ ಇಳಿದು ನೆಟ್ಟಗೆ ನಿಂತು ಬೆಸೆಯಬಹುದು. ಖಲೀಲ ಒಮ್ಮೆ ಹೋಗಿ ಅದರಲ್ಲಿ ಇಳಿದು ಸುಮ್ಮನೆ ನಿಂತು ಬಂದಿದ್ದ. “ಮಾಸ್ತರ, ನಿಂತ ಮಾಡೂ ಕೆಲಸ ರೀ!” ಎಂದು ಮದುವೆ ಗೊತ್ತಾದವನ ಹಾಗೆ ನಾಚಿಕೊಂಡು ನನಗೆ ಹೇಳಿದ್ದ.

ಈಗ ನನ್ನ ಕತೆ. ನಾನು ಪ್ರೌಢಶಾಲೆಯ ಕನ್ನಡ ಮಾಸ್ತರ. ನನ್ನದು ಎರಡು ಕೈ ದಾಟಿ ಬಂದ ಪುಟ್ಟ ಪೆಟ್ರೋಲ್ ಕಾರು. ನನ್ನ ಹೆಂಡತಿ ನೀಲಮಳ ತಮ್ಮ ಸಂಗ್ರಾಮ ಬೇಡಕಿಹಾಳದವನು. ಕಬ್ಬೂ ಇದೆ, ಹೊಸ ಗಾಡಿಯೂ ಇದೆ. ಬೆಳಗಾವಿಯ ಮದುವೆಗೆ ಹೊರಟಾಗಲೆಲ್ಲ ತವಂದಿ ಘಾಟಿನ ಏರಿನಲ್ಲಿ ಅವನು ನನ್ನನ್ನು ಹಿಂದೆ ಹಾಕಿ, ಮೇಲೆ ಚಹದ ಅಂಗಡಿ ಮುಂದೆ ಕಪ್ಪು ಹಿಡಿದು ಕಾಯುತ್ತಿದ್ದ. “ಬರ್ರಿ ದಾಜಿ, ಹಾದಿ ತಪ್ಪಿತ್ತೇನು?” ಇರುವ ಹಾದಿ ಒಂದೇ. ಭಾವನ ಮಾನ ತೆಗೆಯಲು ಅಷ್ಟು ಸಾಕು.

ಮೊಬೈಲಿನಲ್ಲಿ ನೋಡುತ್ತ ನೋಡುತ್ತ ನನಗೆ ಜ್ಞಾನೋದಯವಾಯಿತು. ಕಂಪನಿಯವರು ಹೊಗೆ ಶುದ್ಧವಾಗಲೆಂದು ಪೈಪಿನಲ್ಲಿ ಜೇನುಗೂಡಿನಂಥ ಜಾಳಿಗೆ ಇಟ್ಟಿರುತ್ತಾರೆ. ಹಿಂದೆ ಸದ್ದು ನುಂಗುವ ಡಬ್ಬಿ. ಇವೆರಡೂ ಇಂಜಿನ್ನಿನ ಉಸಿರು ಹಿಡಿಯುತ್ತವೆ. ಕಿತ್ತು ನೇರ ಪೈಪು ಹಾಕಿದರೆ ಕಡಿಮೆ ಖರ್ಚಿನಲ್ಲಿ ಹತ್ತು ಕುದುರೆಗಳ ಬಲ ಹೆಚ್ಚು! ಹೀಗೆಂದು ಕಪ್ಪು ಕನ್ನಡಕದ ಹುಡುಗನೊಬ್ಬ ಆಣೆ ಮಾಡಿ ಹೇಳಿದ. ನನ್ನ ಹತ್ತನೆಯ ತರಗತಿಯಲ್ಲಿ ಇಂಥ ಹುಡುಗರ ಮಾತನ್ನು ನಾನು ಎಂದೂ ನಂಬಿದವನಲ್ಲ.

“ಖಲೀಲ, ಗಾಡಿ ಜೋರ್ ಆಗಬೇಕು ನೋಡಪಾ” ಎಂದೆ.

ಅವನು ಇರುವ ಒಂದೇ ಹುಬ್ಬನ್ನು ಏರಿಸಿದ. “ಯಾವ ಜೋರ್ ರೀ ಮಾಸ್ತರ? ಓಡೂ ಜೋರೋ, ಒದರೂ ಜೋರೋ?”

“ಎರಡೂ ಒಂದ ಅಲ್ಲೇನೋ!”

ಎರಡೂ ಒಂದಲ್ಲ. ನಾನಾರ್ಥಕ ಪದಗಳು ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಬಾಯಿಪಾಠ ಮಾಡಿಸುವವನು ನಾನೇ.

“ಈ ಇಂಜಿನ್‌ಗಿ ಭಾಳಂದ್ರ ಅರ್ಧಾ ಕುದುರಿ ಹೆಚ್ಚಾದೀತ್ರಿ” ಎಂದ ಖಲೀಲ. “ಅರ್ಧಾ ಕುದುರಿ ತಗೊಂಡ ಏನ ಮಾಡ್ತೀರಿ? ಒದೀತೈತಿ, ಇಲ್ಲಾ ಕಡೀತೈತಿ. ಎಳ್ಯಾಂಗಿಲ್ಲ. ಸಣ್ಣ ಗಾಡಿ ಹೊಗಿಗಿ ಹಿಂದ ಒಂಚೂರು ತಡಿ ಇದ್ರನ ಏರಿನ್ಯಾಗ ದಮ್ಮ ಹಿಡೀತೈತಿ. ಮ್ಯಾಲ ಕಾಯದೇಕ ವಿರುದ್ಧ. ಬ್ಯಾಡ್ರಿ.”

ಇಷ್ಟು ಸ್ಪಷ್ಟವಾಗಿ ಯಾವ ವೈದ್ಯನೂ ನನಗೆ ಏನನ್ನೂ ಹೇಳಿಲ್ಲ. ಆದರೂ ನಾನು ಕೊನೆಯ ಅಸ್ತ್ರ ತೆಗೆದೆ. ಮೆಹೆಕ ನನ್ನ ಹಳೆಯ ವಿದ್ಯಾರ್ಥಿನಿ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಮರಾಠಿ ಆಡುವ ಹುಡುಗಿಗೆ ಶಾಲೆ ಬಿಟ್ಟ ಮೇಲೆ ಕೂರಿಸಿಕೊಂಡು ಕನ್ನಡ ಹೇಳಿಕೊಟ್ಟಿದ್ದೆ. ಪರೀಕ್ಷೆಯಲ್ಲಿ ಶಾಲೆಗೇ ಮೊದಲು ಬಂದಿದ್ದಳು.

“ಮೆಹೆಕಗ ಕಲಸೂ ಮುಂದ ನಾ ಬ್ಯಾಡ ಅಂದಿದ್ನೇನು?” ಎಂದುಬಿಟ್ಟೆ.

ಖಲೀಲ ಸ್ವಲ್ಪ ಹೊತ್ತು ಕೈ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿದ. ಆಮೇಲೆ, “ಚಾವಿ ಕೊಡ್ರಿ” ಎಂದ. ಸಂಜೆಗೆ ಕೆಲಸ ಮುಗಿದಾಗ ಕೊಯ್ದ ಭಾಗಗಳನ್ನು ಗೋಣಿಯಲ್ಲಿ ಸುತ್ತಿ ಮೂಲೆಗಿಟ್ಟಿದ್ದ. “ಎಂಟ ದಿನ ಹೊಡದ ನೋಡ್ರಿ. ಹೌಸಿ ತೀರಿದ ಮ್ಯಾಲ ತರ್ರಿ, ಇದ್ದಾಂಗ ಮಾಡಿ ಕೊಡ್ತೀನಿ.” ನೇರ ಪೈಪಿನ ಬೆಸುಗೆಯ ಪಕ್ಕ ಮೂರು ಚುಕ್ಕೆ ಇದ್ದವು. ಮನಸ್ಸಿಲ್ಲದೆ ಮಾಡಿದ ಕೆಲಸಕ್ಕೂ ಸಹಿ ಹಾಕುವ ಮನುಷ್ಯ.

ಮನೆಗೆ ಬಂದಾಗ ನೀಲಮ ಕಿವಿ ಮುಚ್ಚಿಕೊಂಡು ಹೊರಗೆ ಬಂದಳು. “ಏನಾತ್ರಿ ಇದಕ್ಕ?”

“ತೂತ ಬಿದ್ದಿತ್ತು. ರಿಪೇರಿ ಮಾಡಿಸೀನಿ, ಸ್ವಲ್ಪ ದಿನ ಹಿಂಗ ಒದರತೈತಂತ” ಎಂದೆ. ಮೊದಲ ಸುಳ್ಳು ಇದು. ಚಿಕ್ಕದು.

ಮುಂದಿನ ವಾರ ತವಂದಿ ಘಾಟು. ಗಾಡಿ ಹುಲಿಯಂತೆ ಗರ್ಜಿಸಿತು. ಏರಿದ್ದು ಮಾತ್ರ ಕತ್ತೆಯಂತೆ. ಮೊದಲು ಮೂರನೆಯ ಗೇರಿನಲ್ಲಿ ಹೋಗುತ್ತಿದ್ದ ತಿರುವಿನಲ್ಲಿ ಎರಡಕ್ಕೆ ಇಳಿಸಬೇಕಾಯಿತು. ಮೇಲೆ ಸಂಗ್ರಾಮ ನಿಂತಿದ್ದ. “ದಾಜಿ, ನೀವ ಬರೂದು ಬುಡದಾಗ ಇದ್ದಾಗಿಂದ ಕೇಳಾಕತ್ತಿತ್ತು. ಈಗ ಬಂದಾರು, ಆಗ ಬಂದಾರು ಅಂತ ಎರಡ ಚಾ ಆತು.”

ಅಂದೇ ಖಲೀಲನ ಬಳಿ ಹೋಗಬೇಕಿತ್ತು. ಆದರೆ ಸ್ಟಾಫ್ ರೂಮಿನಲ್ಲಿ ವ್ಯಾಯಾಮದ ಮಾಸ್ತರ ಕಾಮಣ್ಣ, “ಸರ, ನಿಮ್ಮ ಗಾಡಿ ಈಗ ಹರೇದವರ ಗಾಡಿ ಆತು ನೋಡ್ರಿ” ಎಂದಿದ್ದ. ಆ ಮಾತಿನ ಮೇಲೆ ಒಂದೂವರೆ ತಿಂಗಳು ಓಡಿಸಿದೆ.

ಕೊಲ್ಹಾಪುರಕ್ಕೆ ಹೊರಟಾಗ ಕೊಗನೊಳ್ಳಿಯ ಹತ್ತಿರ ಸಾರಿಗೆ ಇಲಾಖೆಯ ತಪಾಸಣೆಯವರು ಕೈ ಅಡ್ಡ ಮಾಡಿದರು. ಅಧಿಕಾರಿ ಬಗ್ಗಿ ಕಾರಿನ ಕೆಳಗೆ ನೋಡಿದರು. “ಜಾಳಿಗಿ ಎಲ್ಲೈತ್ರಿ? ಡಬ್ಬಿ ಎಲ್ಲೈತಿ? ಇದನ್ನ ಯಾರ ಹೇಳಿ ಮಾಡ್ಸ್ಯಾರ?”

ಪಕ್ಕದ ಸೀಟಿನಲ್ಲಿ ನೀಲಮ ಕೂತಿದ್ದಳು. ತೂತಿನ ರಿಪೇರಿಯ ಕತೆ ನಂಬಿ ಕೂತಿದ್ದಳು. ನಿಜ ಹೇಳಿದರೆ ದಂಡವಷ್ಟೇ ಆಗುತ್ತಿತ್ತು, ಜೊತೆಗೆ ಬೇಡಕಿಹಾಳದ ತನಕ ನಗೆ. ನಾನು ಬಾಯಿ ತೆರೆದೆ.

“ತೂತ ಮುಚ್ಚಾಕ ಕೊಟ್ಟಿದ್ನಿರಿ ಸಾಹೇಬ್ರ. ಅಂವ ಒಳಗ ಏನೇನ ಮಾಡ್ಯಾನೋ, ನನಗ ಏನೂ ಹೇಳಿಲ್ಲ.”

ಜೀಪಿನ ಚಾಲಕನೂ ಬಗ್ಗಿ ನೋಡಿದ. “ಮೂರ ಟಿಪಕಿ ಅದಾವ್ರಿ. ಇದು ಖಲೀಲಂದು.”

ನನಗೆ ದಂಡದ ಚೀಟಿ, ಮೊದಲಿನಂತೆ ಮಾಡಿಸಿ ತೋರಿಸಲು ಎಂಟು ದಿನ. ಅಧಿಕಾರಿ ಅಂದೇ ಅಕ್ಕೋಳ ರಸ್ತೆಗೆ ಹೋದರು. ಅಲ್ಲಿ ನಡೆದದ್ದನ್ನು ನನಗೆ ಹೇಳಿದವಳು ಕುಲಸುಂಬಿ. ಆ ಗುರುವಾರ ಕಾರನ್ನು ಅಂಗಡಿಗೆ ಬಿಡಲು ಹೋದಾಗ ಖಲೀಲ ಗೋಣಿ ಬಿಚ್ಚಿ ಕೆಲಸಕ್ಕೆ ಇಳಿದಿದ್ದ. ಆಕೆ ಚಹ ತಂದು ಕೊಟ್ಟು, ತಗ್ಗಿದ ದನಿಯಲ್ಲಿ ಹೇಳಿದಳು.

“ಸಾಹೇಬ್ರು ಕೇಳಿದ್ರು ಸರ, ‘ಗಿರಾಕಿಗಿ ಹೇಳದ ಕೊಯ್ದಿ ಅಂತಲ್ಲ, ಖರೇ ಏನು?’ ಅಂತ. ಇವ್ರು, ‘ಮಾಸ್ತರ ಹಂಗ ಅಂದ್ರೇನ್ರಿ?’ ಅಂದ್ರು. ಹೌದು ಅಂದ್ರು ಸಾಹೇಬ್ರು. ‘ಮಾಸ್ತರ ಅಂದಿದ್ರ ಹಂಗ ಬರಕೋರಿ’ ಅಂದ್ಬಿಟ್ರು. ನೋಟೀಸ್ ಕೊಟ್ಟ ಹೋದ್ರು. ಅದರ ಸುದ್ದಿ ಬಸ್ಸಿನವ್ರಿಗಿ ಮುಟ್ಟೇತಿ. ಹೇಳದ ಕೇಳದ ಕೊಯ್ಯೂ ಮನಷ್ಯಾನ ಕೈಯಾಗ ಮಕ್ಕಳ ಬಸ್ ಹೆಂಗ ಕೊಡೂದು ಅನ್ನಾಕತ್ತಾರಂತ. ಶನಿವಾರ ಅವರ ಮೀಟಿಂಗ್ ಐತಿ.”

ಆ ಚಹ ನಾನು ಕುಡಿದೆ. ಹೇಗೆ ಕುಡಿದೆನೋ.

ಗುರುವಾರವೇ ಆ ಶಿಕ್ಷಣ ಸಂಸ್ಥೆಯ ಕಾರ್ಯದರ್ಶಿ ಬಾಳಾಸಾಬರ ಮನೆಗೆ ಹೋಗಿ ನಾಲ್ಕು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಬಾಯಲ್ಲಿ ಹೇಳಲು ಧೈರ್ಯ ಸಾಲಲಿಲ್ಲ, ಬರೆದುಕೊಡೋಣ ಎಂದುಕೊಂಡೆ. ಶುಕ್ರವಾರ ಇಡೀ ದಿನ ಪತ್ರ ಬರೆದೆ. ಭಾಷೆ ಹಗುರವಾಯಿತೆನಿಸಿ ಹರಿದೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ಮತ್ತೆ ತಿದ್ದಿ, ಮಧ್ಯಾಹ್ನ ಇಸ್ತ್ರಿಯ ಅಂಗಿ ಹಾಕಿಕೊಂಡು ಹೊರಟೆ.

ಬಾಳಾಸಾಬರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: “‘ಸದರಿ ವಾಹನದ ದುರಸ್ತಿಯ ಸಂದರ್ಭದಲ್ಲಿ ಕೆಲವೊಂದು ತಪ್ಪು ತಿಳಿವಳಿಕೆಗಳು ಉಂಟಾಗಿ, ವಾಸ್ತವಕ್ಕೆ ದೂರವಾದ ಹೇಳಿಕೆಯೊಂದು ದಾಖಲಾಗಿರುತ್ತದೆ.’” ಮತ್ತೊಮ್ಮೆ ಓದಿದರು, ಈ ಸಲ ಮನಸ್ಸಿನಲ್ಲಿ.

“ಸರ, ಕನ್ನಡ ಭಾಳ ಚಲೋ ಐತಿ. ನಾ ಮರಾಠಿ ಸಾಳ್ಯಾಗ ಕಲತಾಂವ, ಒಂದ ತಿಳೀವಲ್ದು. ಸುಳ್ಳ ಹೇಳಿದಾಂವ ಯಾರು? ಇದರಾಗ ಅಂವ ಎಲ್ಲೂ ಕಾಣವಲ್ಲ.”

ಕರ್ತೃಪದವಿಲ್ಲದ ವಾಕ್ಯಕ್ಕೆ ನಾನು ಅರ್ಧ ಅಂಕ ಕಳೆಯುತ್ತೇನೆ. ಇಪ್ಪತ್ತೈದು ವರ್ಷದಲ್ಲಿ ನನ್ನ ವಾಕ್ಯಕ್ಕೆ ಯಾರೂ ಕಳೆದಿರಲಿಲ್ಲ. ಅವರ ಪೆನ್ನು ಇಸಿದುಕೊಂಡು ಹಾಳೆಯ ಕೆಳಗೆ ಬರೆದೆ: ‘ನಾನೇ ಹೇಳಿ ಮಾಡಿಸಿದೆ. ಖಲೀಲ ಬೇಡ ಎಂದ. ಅಧಿಕಾರಿಗಳ ಮುಂದೆ ನಾನು ಸುಳ್ಳು ಹೇಳಿದೆ.’

ಬಾಳಾಸಾಬರು ಹಾಳೆಯನ್ನು ನಿಧಾನವಾಗಿ ಮಡಚಿದರು. “ಇದನ್ನ ನಿನ್ನೆ ತಂದಿದ್ರ ಆಗ್ತಿತ್ತಲ್ರಿ ಸರ. ಮೀಟಿಂಗ್ ಹನ್ನೊಂದಕ್ಕ ಮುಗೀತು. ಸಂಕೇಶ್ವರದಾಂವಗ ಒಂದ ವರ್ಷ ಬರದ ಕೊಟ್ಟೀವಿ, ಸಹಿ ಆಗ್ಯಾವು. ಮುಂದಿನ ವರ್ಷಕ್ಕ ಖಲೀಲನ ಕರೀತೀನಿ, ಈ ಕಾಗದ ಎಲ್ಲಾರಿಗೂ ತೋರಸ್ತೀನಿ. ಈ ವರ್ಷ ನನ್ನ ಕೈಯಾಗಿಲ್ಲ.”

ಹನ್ನೊಂದು ಗಂಟೆಗೆ ನಾನು ‘ತಪ್ಪು ತಿಳಿವಳಿಕೆ’ ಎನ್ನಬೇಕೋ ‘ತಪ್ಪು ಗ್ರಹಿಕೆ’ ಎನ್ನಬೇಕೋ ಎಂದು ಯೋಚಿಸುತ್ತಿದ್ದೆ.

ಮನೆಗೆ ಹೋಗಿ ನೀಲಮಳಿಗೆ ಎಲ್ಲ ಹೇಳಿದೆ. ಆಕೆ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. “ನನಗ ಅಂಜಿ ಅವ್ನ ಮ್ಯಾಲ ಹಾಕಿದ್ರೇನು?” ಎಂದು ಕೇಳಿ ಒಳಗೆ ಹೋದಳು.

ಸೋಮವಾರ ಆ ಪತ್ರದ ನಕಲನ್ನು ಅಧಿಕಾರಿಗಳ ಕಚೇರಿಗೆ ಕೊಟ್ಟು ಅಂಗಡಿಗೆ ಹೋದೆ. ಖಲೀಲ ಒಂದು ಟೆಂಪೋದ ಕೆಳಗಿದ್ದ. ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಮುಖಕ್ಕೆ ಹೇಳುವುದಕ್ಕಿಂತ ಕಾಲಿಗೆ ಹೇಳುವುದು ಸುಲಭ. ಎಲ್ಲ ಹೇಳಿದೆ. ಪತ್ರ, ಹನ್ನೊಂದು ಗಂಟೆ, ಸಂಕೇಶ್ವರದವನು, ಮುಂದಿನ ವರ್ಷ.

ಸುತ್ತಿಗೆಯ ಸದ್ದು ನಿಂತಿತು. ಕಾಲುಗಳು ಅಲುಗಲಿಲ್ಲ.

“ಒಂದ ವರ್ಷ ಅಂದ್ರೇನ್ರಿ?” ಎಂದಿತು ಟೆಂಪೋದ ಕೆಳಗಿನ ದನಿ.

“ಒಂದ ವರ್ಷ ಅಂದಾರ.”

“ಹಂ. ಆ ಕಾಗದದ ಸುದ್ದಿ ಮೆಹೆಕನ ಮುಂದ ತೆಗೀಬ್ಯಾಡ್ರಿ ಮಾಸ್ತರ. ನಮ್ಮ ಸರ ಸುಳ್ಳ ಹೇಳ್ಯಾರ ಅಂದ್ರ ಆಕಿ ನಂಬಂಗಿಲ್ಲ. ನಂಬಿದ್ರ ಮತ್ತ ಕಠಿಣ.”

ನಾನು ಟೆಂಪೋದ ಪಕ್ಕ ಕುಕ್ಕರುಗಾಲಲ್ಲಿ ಕೂತೆ.

“ಬಂದೀರಿ ಅಂದ್ರ ಈ ಪೈಪಿನ ಆ ತುದಿ ಒಂದೀಟ ಹಿಡೀರಿ. ಭುಜ ಏಳವಲ್ದು.”

ಇಸ್ತ್ರಿಯ ಅಂಗಿಯಲ್ಲೇ ನೆಲಕ್ಕೆ ಅಂಗಾತ ಬಿದ್ದು ತೆವಳಿ ಒಳಗೆ ಹೋದೆ. ಮುಖದ ಮೇಲೆ ತುಕ್ಕು ಉದುರಿತು. ಎರಡೂ ಕೈ ಎತ್ತಿ ಪೈಪು ಹಿಡಿದೆ. ಖಲೀಲ ಗೇಣು ದೂರದಲ್ಲಿ ಮುಖ ಆ ಕಡೆ ಮಾಡಿ ಬೆಸೆಯತೊಡಗಿದ. ಎರಡು ನಿಮಿಷಕ್ಕೆ ಭುಜ ಸೋತಿತು, ನಾಲ್ಕಕ್ಕೆ ಬೆನ್ನಿನ ಕೆಳಗಿನ ಕಲ್ಲು ಎಲುಬಿಗೆ ತಾಗಿತು.

“ಇನ್ನ ಎಷ್ಟ ಹೊತ್ತೋ ಖಲೀಲ?”

“ಈಗ ಸುರು ಮಾಡೇನ್ರಿ,” ಎಂದ. “ಅಲುಗಾಡಬ್ಯಾಡ್ರಿ.”