ಎರಡೂ ಕೈ ಎತ್ತಿದವರು

ಸಾಂಗಲಿಯ ಹೊಳೆದಂಡೆಯ ನಮ್ಮ ಕನ್ನಡ ಶಾಲೆಯಲ್ಲಿ ಶಾಲನ್‌ಬಾಯಿ ಪೋತದಾರ ಇಪ್ಪತ್ತೊಂಬತ್ತು ವರ್ಷ ಗಣಿತ ಕಲಿಸಿದರು. ನಾನು ಪಕ್ಕದ ಕೋಣೆಯಲ್ಲಿ ಇತಿಹಾಸ ಹೇಳುತ್ತಿದ್ದೆ. ಸಂಭವನೀಯತೆಯ ಪಾಠವನ್ನು ಅವರು ಮಕ್ಕಳ ಕೈ ಎತ್ತಿಸಿಯೇ ಮಾಡುತ್ತಿದ್ದರು.

ಕೃಷ್ಣೆ ಊರೊಳಗೆ ಬಂದು ಹೋದ ವರ್ಷ, ಶಾಲೆ ಮತ್ತೆ ತೆರೆದ ಮೂರನೇ ದಿನ ಹತ್ತನೇ ತರಗತಿಗೆ ಅದೇ ಪಾಠ.

"ಮನ್ಯಾಗ ನೀರು ಹೊಕ್ಕವರು ಬಲಗೈ ಎತ್ರಿ. ಈಸು ಬರೋರು ಎಡಗೈ. ಎಲ್ಲಾರ ಹೆಸರಿನ್ಯಾಗ ಒಂದು ಚೀಟಿ ಎತ್ತಿದ್ರ, ಇವರೊಳಗ ಯಾರರೇ ಬರೋ ಸಂಭವ ಎಷ್ಟು?"

ಬಲಗೈ ಹದಿನೇಳು, ಎಡಗೈ ಹನ್ನೆರಡು. ಎರಡೂ ಎತ್ತಿದವರು ಆರು.

"ಆ ಆರು ಮಂದೀನ ಎರಡು ಸಲ ಎಣಿಸೇವಿ. ಒಂದ್ಸಲ ಕಳೀರಿ."

ಇಪ್ಪತ್ತಮೂರು. ಯಾವ ಕೈಯನ್ನೂ ಎತ್ತದವರು ಎಂಟು. ಒಟ್ಟು ಮೂವತ್ತೊಂದು.

ಹಾಜರಿ ಮೂವತ್ತಿತ್ತು.

"ಬಾಯಾರ್ದೂ ಲೆಕ್ಕ ತಪ್ಪತೈತಿ!" ಎಂದು ಹಿಂದಿನ ಬೆಂಚು ನಕ್ಕಿತು. ತರಗತಿಯ ನಾಯಕಿ ರೋಹಿಣಿ ಎದ್ದು ಎಣಿಸಿದಳು. ತಲೆ ಎಣಿಸಿದರೆ ಮೂವತ್ತು, ಕೈಗಳ ಲೆಕ್ಕದಿಂದ ಮೂವತ್ತೊಂದು. ಎರಡೂ ಕೈ ಎತ್ತಿದವರ ಹೆಸರನ್ನು ಶಾಲನ್‌ಬಾಯಿ ಹಲಗೆಯ ಮೇಲೆ ಬರೆಸಿದರು. ಹೆಸರು ಐದೇ ಆದವು. ಜೋಡಿಯಾಗಿ ಮೇಲೆದ್ದ ಕೈಗಳು ಮಾತ್ರ ಹನ್ನೆರಡು.

"ಆರನೇದವರು ಯಾರ್ರೋ?"

ಈಗ ಯಾರೂ ನಗಲಿಲ್ಲ. ರೋಹಿಣಿ ತಲೆ ತಗ್ಗಿಸಿಯೇ ಹೇಳಿದಳು: "ಬಾಯಾರ, ಊರ್ಮಿಲಾಗ ಈಸು ಬರ್ತಿತ್ತು."

ಊರ್ಮಿಲಾ ಆ ತರಗತಿಯವಳೇ. ಮನೆಗೆ ನೀರು ನುಗ್ಗಿದಾಗ ಮೇಕೆ ಬಿಚ್ಚಲು ಹಿಂದಕ್ಕೆ ಹೋದವಳು, ಈಜು ಬಂದರೂ ತಿರುಗಿ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರನ್ನು ಶಾಲನ್‌ಬಾಯಿ ಹಿಂದಿನ ದಿನವಷ್ಟೇ ಹೊಡೆದು ಹಾಕಿದ್ದರು.

ಶಾಲೆ ಬಿಟ್ಟ ಮೇಲೆ ಅವರು ನನ್ನನ್ನೂ ಕರೆದುಕೊಂಡು ಆ ಹುಡುಗಿಯ ಮನೆಗೆ ಹೋದರು. ಗೋಡೆಗಳಿನ್ನೂ ಎದೆಮಟ್ಟ ಒದ್ದೆಯಾಗಿದ್ದವು. ನಡೆದದ್ದನ್ನು ತಡವರಿಸುತ್ತ ಹೇಳಿದರು. ತಾಯಿ ಬೆಚ್ಚಲಿಲ್ಲ, ಅಳಲೂ ಇಲ್ಲ.

"ಎರಡೂ ಕೈ ಎತ್ತಿದ್ಲೇನ್ರಿ?" ಎಂದಳು. "ಸಾಲ್ಯಾಗ ಕೈ ಎತ್ತಾಕ ಭಾಳ ಅಂಜತಿದ್ಲು ಆಕಿ. ನೀವು ಬೈಲಿಲ್ಲ ಹೌದಲ್ರಿ?"

"ಇಲ್ಲವ್ವಾ. ಲೆಕ್ಕದಾಗ ಹಿಡದೇನಿ."

ಮರುದಿನ ಅದೇ ಪ್ರಶ್ನೆ ಕೇಳಿ ಮತ್ತೆ ಕೈ ಎತ್ತಿಸಿದರು. ಎರಡೂ ಎತ್ತಿದವರು ಐದು. ಒಟ್ಟು ಮೂವತ್ತು.

"ಸರಿ ಬಂತ್ರಿ ಬಾಯಾರ," ಎಂದಳು ರೋಹಿಣಿ.

 ಗಂಟೆ ಬಾರಿಸುವವರೆಗೂ ಶಾಲನ್‌ಬಾಯಿ ಹಲಗೆಯ ಕಡೆಗೇ ಮುಖ ಮಾಡಿ ನಿಂತಿದ್ದರು.