ಕ್ಲಾರಿನೆಟ್ ಜಾರುತ್ತಿದ್ದ ಜಾಗ

ರಾಜಾಜಿನಗರದ ಆ ಮನೆಯ ಮಹಡಿಯ ಕೋಣೆಯಲ್ಲಿ ನನಗೊಂದು ಹುದ್ದೆ ಇದೆ. ಸಂಬಳವಿಲ್ಲ, ಒಳ್ಳೆಯ ಹೆಸರಂತೂ ಇಲ್ಲವೇ ಇಲ್ಲ. ಒಪ್ಪದೇ ಇರುವುದು ನನ್ನ ಕೆಲಸ.

ಹಳೆಯ ಜಾಝ್ ರೆಕಾರ್ಡುಗಳ ಹುಚ್ಚಿರುವ ನಾವು ಐದಾರು ಜನ ಭಾನುವಾರ ತಿಂಡಿ ಮುಗಿಸಿ ಅಲ್ಲಿ ಸೇರುತ್ತೇವೆ. ಮನೆ ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರದು, ಟರ್ನ್‌ಟೇಬಲ್ಲೂ ಅವರದೇ. ಲೇಬಲ್ ಕಿತ್ತುಹೋಗಿ, ಯಾರು ನುಡಿಸಿದ್ದೆಂದೇ ತಿಳಿಯದ ರೆಕಾರ್ಡೊಂದು ಯಾರಿಗಾದರೂ ಸಿಕ್ಕರೆ ಅವತ್ತು ನಮಗೆ ಹಬ್ಬ. ಮೊದಲು ಎಲ್ಲರ ಫೋನುಗಳೂ ಒಂದು ಸ್ಟೀಲ್ ಡಬ್ಬಿಯೊಳಗೆ ಹೋಗುತ್ತವೆ; ಎರಡು ಸೆಕೆಂಡ್ ಕೇಳಿ ಹೆಸರು ಒದರುವ ಆ್ಯಪ್‌ಗಳಿಂದ ಆಟ ಕೆಡುತ್ತದೆ. ಆಮೇಲೆ ಕೇಳುವುದು, ಊಹಿಸುವುದು, ಜಗಳವಾಡುವುದು. ಯಾರು ಯಾವ ಹೆಸರು ಹೇಳಿದರೂ ಅದನ್ನು ಒಡೆಯಲು ಒಬ್ಬ ಎದುರಾಳಿ ಇರುತ್ತಾನೆ. ಅವನು ‘ಒಪ್ಪಿದೆ’ ಎನ್ನುವ ತನಕ, ಇಲ್ಲವೇ ‘ಸಾಕು’ ಎನ್ನುವ ತನಕ ರೆಕಾರ್ಡು ತಿರುಗುತ್ತಲೇ ಇರಬೇಕು. ಹೆಸರು ತೀರ್ಮಾನವಾದ ಮೇಲಷ್ಟೇ ಮನೆಯ ಯಜಮಾನರು ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು. ಹಿಂದೊಮ್ಮೆ ಹೆಸರಿಲ್ಲದ ಫೈಲುಗಳನ್ನು ಗುಡ್ಡೆ ಹಾಕಿಕೊಂಡು, ಯಾವುದು ಏನೆಂದು ತಿಳಿಯದೆ ಒದ್ದಾಡಿದ್ದರಂತೆ.

ಎರಡು ವರ್ಷದಿಂದ ಆ ಎದುರಾಳಿ ನಾನೇ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಯಾವ ಚೀಟಿ ಬಂದರೂ ಹತ್ತು ನಿಮಿಷದೊಳಗೆ ಅದೇ ನನ್ನ ನಂಬಿಕೆಯಾಗಿಬಿಡುತ್ತಿತ್ತು. ಇದೊಂದು ಗುಣವೆಂದೇ ನಾನು ತಿಳಿದಿದ್ದೆ.

ಒಂದು ಭಾನುವಾರ ಕೆಂಗೇರಿ ಉಪನಗರದಿಂದ ಒಬ್ಬರು ಮೇಡಂ ಬಂದರು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಎಪ್ಪತ್ತು ದಾಟಿದ್ದರು. ಯಜಮಾನರ ಪರಿಚಯದವರ ಮೂಲಕ ನಮ್ಮ ಕೂಟದ ವಿಷಯ ತಿಳಿದಿತ್ತು. ಹಳೆಯ ಹತ್ತಿಯ ಸೀರೆಯಲ್ಲಿ ಸುತ್ತಿ ತಂದ ಒಂದು ರೆಕಾರ್ಡನ್ನು ಮೇಜಿನ ಮೇಲಿಟ್ಟರು. ಕಪ್ಪಗೆ, ಭಾರವಾಗಿತ್ತು. ನಡುವಿನ ಬಿಳಿಯ ಲೇಬಲ್ ಮೇಲೆ ಶಾಯಿಯ ಕಲೆ ಬಿಟ್ಟರೆ ಏನೂ ಉಳಿದಿರಲಿಲ್ಲ.

“ಇದು ನಮ್ಮಣ್ಣ ನುಡಿಸಿರೋ ಪ್ಲೇಟು ಅಂತ ನನಗನ್ಸುತ್ತೆ. ಗ್ಯಾರಂಟಿ ಇಲ್ಲ. ಅದಕ್ಕೇ ಬಂದೆ,” ಅಂದರು.

ಅವರ ಅಣ್ಣ ಮದುವೆ ಮೆರವಣಿಗೆಗಳ ಬ್ಯಾಂಡಿನಲ್ಲಿ ಕ್ಲಾರಿನೆಟ್ ಕಲಿತವನು. ಆಮೇಲೆ ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಒಂದು ಡಾನ್ಸ್ ಹಾಲಿನಲ್ಲಿ ಸಂಜೆ ಹೊತ್ತು ಜಾಝ್ ಊದುತ್ತಿದ್ದ. ಕಾಮಾಲೆಯಿಂದ ಸತ್ತಾಗ ಇವರಿಗೆ ಹನ್ನೊಂದು ವರ್ಷ. ಈಚೆಗೆ ನೆಂಟರ ಮನೆ ಖಾಲಿ ಮಾಡುವಾಗ ಸಜ್ಜೆಯ ಮೇಲೆ ಅವನ ಟ್ರಂಕು ಸಿಕ್ಕಿತು, ಅದರಲ್ಲಿ ಇದಿತ್ತು. ಇವರ ಬಳಿ ಯಂತ್ರವಿಲ್ಲದ ಕಾರಣ ಇನ್ನೂ ಕೇಳಿರಲಿಲ್ಲ.

“ಅವನ ಮುಖಕ್ಕೆ ಒಂದು ಫೋಟೋ ಇದೆ,” ಅಂದರು. “ಸದ್ದಿಗೆ ಏನೂ ಇಲ್ಲ.”

ಯಜಮಾನರು ಮುಳ್ಳು ಇಳಿಸಿದರು. ಮೊದಲು ಪಿಯಾನೊ, ಹಿಂದೆ ಡ್ರಮ್ಮಿನ ಮೆಲುದನಿ. ರೆಕಾರ್ಡಿನ ಅರ್ಧ ದಾಟಿದ ಮೇಲೆ ಕ್ಲಾರಿನೆಟ್ ಮುಂದೆ ಬಂತು. ಮೇಲಕ್ಕೆ ಹತ್ತಿ, ಅಲ್ಲಿಂದ ಆತುರವಿಲ್ಲದೆ ಜಾರಿಕೊಂಡು ಕೆಳಗಿಳಿಯಿತು. ಮೇಡಂ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಇವನೇ! ಈ ಜಾರು ನೋಡಿ. ಹಿತ್ತಲಲ್ಲಿ ನಿಂತ್ಕೊಂಡು ಇದೊಂದನ್ನೇ ನೂರು ಸಲ ಊದ್ತಿದ್ದ. ಕಲ್ಯಾಣಿ ರಾಗ ಹಾಡೋವಾಗ ಜಾರಿಸ್ತಾರಲ್ಲ, ಹಂಗೆ. ನಮ್ಮಮ್ಮ ‘ಯಾರಾದ್ರೂ ಹೋಗಿ ಆ ಬೆಕ್ಕು ಓಡಿಸ್ರೇ’ ಅನ್ನೋಳು.”

ಎಲ್ಲರೂ ನಕ್ಕರು. ಉಲ್ಲಾಳ ಉಪನಗರದಿಂದ ಬರುವ ನನ್ನ ಗೆಳೆಯ, ಡ್ರಮ್ಸ್ ಕಲಿಯುತ್ತಿರುವವನು, ನನ್ನ ಕಡೆ ತಿರುಗಿದ. “ಮಗಾ, ಆಂಟಿ ಹೇಳೋದ್ರಲ್ಲಿ ಪಾಯಿಂಟ್ ಇದೆ.”

“ಪಾಯಿಂಟ್ ಇಲ್ಲ ಗುರು. ಆಸೆ ಇದೆ.”

ಅವರ ಎದುರಿಗೇ ಅಂದೆ. ಅಂದಮೇಲೆ ನಿಲ್ಲಿಸಲೂ ಇಲ್ಲ. ಜಾರಿಸುವುದು ಕಲ್ಯಾಣಿಯ ಸ್ವತ್ತಲ್ಲ, ಅಮೆರಿಕದ ಕ್ಲಾರಿನೆಟ್‌ನವರೂ ಜಾರಿಸುತ್ತಾರೆ; ಅವರ ರೆಕಾರ್ಡು ಹಡಗಿನಲ್ಲಿ ಇಲ್ಲಿಗೆ ಬರುತ್ತಿತ್ತು. ನಿಮ್ಮಣ್ಣ ಹಿತ್ತಲಲ್ಲಿ ಊದುತ್ತಿದ್ದದ್ದು ಇದೇ ರೆಕಾರ್ಡು ಕೇಳಿ ಕಲಿತದ್ದಾಗಿರಬಹುದು. ಟ್ರಂಕಿನಲ್ಲಿ ಇತ್ತೆಂದರೆ ಇಟ್ಟುಕೊಂಡಿದ್ದ ಎಂದಷ್ಟೇ ಸಾಬೀತಾಗುತ್ತದೆ, ನುಡಿಸಿದ ಎಂದಲ್ಲ. ಈ ಕೋಣೆಯಲ್ಲಿರುವ ನೂರಾರು ರೆಕಾರ್ಡುಗಳಲ್ಲಿ ಒಂದನ್ನೂ ನಮ್ಮ ಯಜಮಾನರು ನುಡಿಸಿಲ್ಲ. ಕೊನೆಯದಾಗಿ, ಹನ್ನೊಂದು ವರ್ಷದ ಕಿವಿ, ನಡುವೆ ಅರವತ್ತು ವರ್ಷ. ಇಷ್ಟು ಹೇಳಿ ಕುಳಿತಾಗ, ಚಪ್ಪಾಳೆಗೆ ಕಾಯುವ ಹಳೆಯ ಚಾಳಿಯಿಂದ ಬೆನ್ನು ತಾನಾಗಿ ನೆಟ್ಟಗಾಗಿತ್ತು.

ಮೇಡಂ ಉತ್ತರಪತ್ರಿಕೆ ನೋಡುವವರ ಹಾಗೆ ತಲೆಯಾಡಿಸುತ್ತಾ ಕೇಳಿದರು. “ಚೆನ್ನಾಗಿ ಮಾತಾಡ್ತೀರಪ್ಪ. ನನ್ನ ಕ್ಲಾಸಲ್ಲಿದ್ದಿದ್ರೆ ಮಾನಿಟರ್ ಮಾಡ್ತಿದ್ದೆ,” ಅಂದರು. ಆಮೇಲೆ ಯಜಮಾನರ ಕಡೆ ತಿರುಗಿ, “ಆ ಜಾಗ ಇನ್ನೊಂದು ಸಲ ಹಾಕ್ತೀರಾ?”

ಆ ಜಾಗಕ್ಕೇ ಮುಳ್ಳು ಎತ್ತಿ ಎತ್ತಿ ಇಳಿಸಿದೆವು. ನಾಲ್ಕನೆಯ ಸಲಕ್ಕೆ ಮುಳ್ಳು ಸರಿಯಾಗಿ ಜಾರಿನ ಹತ್ತಿರ ಬಂದು ಹಾರತೊಡಗಿತು. ಯಜಮಾನರು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು.

“ಇವತ್ತಿಗೆ ಬಿಡೋಣ ಕಣಯ್ಯ. ಮೇಲ್ಮೈ ಯಾಕೋ ಸರಿ ಕಾಣ್ತಿಲ್ಲ.”

“ಸಾರ್, ರೂಲ್ ನಿಮ್ದೇ. ನಾನಿನ್ನೂ ಸಾಕು ಅಂದಿಲ್ಲ.”

“ಹಾರ್ತಿದೆಯಲ್ಲೋ.”

“ನಾಣ್ಯ ಇಡೋಣ.”

ಹಳೆಯ ಗಟ್ಟಿ ರೆಕಾರ್ಡುಗಳಲ್ಲಿ ಮುಳ್ಳು ಹಾರಿದರೆ ಅದರ ಕೈಯ ತುದಿಗೆ ಒಂದು ನಾಣ್ಯ ಇಟ್ಟು ಭಾರ ಹೆಚ್ಚಿಸುವುದು ನಮ್ಮಲ್ಲಿ ಎಲ್ಲರೂ ಮಾಡುತ್ತಿದ್ದ ಕೆಲಸ. ನಾನೇ ಜೇಬಿನಿಂದ ಒಂದು ರೂಪಾಯಿ ತೆಗೆದು ಇಟ್ಟೆ. ಮುಳ್ಳು ಹಾರುವುದು ನಿಂತಿತು. ಯಜಮಾನರು ಕನ್ನಡಕ ಇಳಿಸಿಕೊಂಡು ಮತ್ತೆ ರೆಕಾರ್ಡು ತಿರುಗಿಸಿದರು. ತಾವೇ ಮಾಡಿದ ನಿಯಮಕ್ಕೆ ಅವರು ತಪ್ಪುವವರಲ್ಲ.

ಆರನೆಯ ಸಲವೋ ಏಳನೆಯ ಸಲವೋ, ನನಗೆ ಅದು ಕೇಳಿಸಿತು. ಜಾರಿಗೆ ಮೊದಲು ಮೂಗಿನಿಂದ ಎಳೆದುಕೊಂಡ ಒಂದು ಸಣ್ಣ ಉಸಿರು. ಆಮೇಲೆ ಜಾರು ನೇರ ಕೆಳಗೆ ಬರಲಿಲ್ಲ. ನಡುದಾರಿಯಲ್ಲಿ ಒಂದು ಸ್ವರದ ಮೇಲೆ ನಿಂತು, ಅದನ್ನು ಕೊಂಚ ಅಲುಗಾಡಿಸಿ, ಮತ್ತೆ ಹೊರಟಿತು. ರೆಕಾರ್ಡು ಕೇಳಿ ಜಾಝ್ ಕಲಿತವರು ಅಲ್ಲಿ ನಿಲ್ಲುವುದಿಲ್ಲ. ಮದುವೆ ಮನೆಯ ಚಪ್ಪರದ ಕೆಳಗೆ ರಾಗ ನುಡಿಸಿ ಬೆಳೆದವನು ನಿಲ್ಲುತ್ತಾನೆ. ನನ್ನ ತೋಳಿನ ಮೇಲೆ ರೋಮ ನಿಂತದ್ದು ಈಗಲೂ ನೆನಪಿದೆ. ‘ಒಪ್ಪಿದೆ’ ಎನ್ನಬೇಕಿತ್ತು. ಬಾಯಿಗೂ ಬಂದಿತ್ತು. ಆದರೆ ಹಾಗೆ ಸುಲಭಕ್ಕೆ ಒಪ್ಪಿದವನು ಎಂದಾಗಬಾರದಲ್ಲ.

“ಒಂದೇ ಒಂದು ಸಲ ಸಾರ್. ಖಚಿತ ಮಾಡ್ಕೊಂಡ್‌ಬಿಡ್ತೀನಿ.”

ಮುಳ್ಳು ಇಳಿಯಿತು. ಒಗ್ಗರಣೆ ಸಿಡಿದ ಹಾಗೆ ಚಟಪಟ ಸದ್ದು, ಅದರ ಹಿಂದೆ ಕಿರ್ರೆಂಬ ಎಳೆತ. ಯಜಮಾನರು ಎರಡೇ ಹೆಜ್ಜೆಯಲ್ಲಿ ಬಂದು ಮುಳ್ಳೆತ್ತಿದರು. ರೆಕಾರ್ಡಿನ ಕಪ್ಪು ಪದರ ಹಳೆಯ ನೇಲ್ ಪಾಲಿಷ್‌ನಂತೆ ಸುರುಳಿ ಸುರುಳಿಯಾಗಿ ಎದ್ದಿತ್ತು. ಅದರಡಿಯಲ್ಲಿ ಬೆಳ್ಳಗೆ ಲೋಹ ಹೊಳೆಯುತ್ತಿತ್ತು.

“ಅಲ್ಯೂಮಿನಿಯಂ,” ಅಂದರು ಯಜಮಾನರು. ಅವರ ದನಿ ಕುಸಿದಿತ್ತು. “ಅಂಗಡೀಲಿ ಮಾರೋ ರೆಕಾರ್ಡಲ್ಲ ಕಣೋ ಇದು. ಸ್ಟುಡಿಯೋದಲ್ಲಿ ನುಡಿಸ್ತಿದ್ದ ಹಂಗೇ ಒಂದೇ ಒಂದು ಕೊರೆದು ಕೊಡ್ತಿದ್ರು. ಮೇಲೆ ಮೆತ್ತನೆ ಬಣ್ಣ ಅಷ್ಟೆ. ನಾಲ್ಕಾರು ಸಲ ಕೇಳೋಕೆ ಮಾತ್ರ. ಕೇಳಿದ್ದೆ, ಕಣ್ಣಲ್ಲಿ ನೋಡಿರಲಿಲ್ಲ.”

ಎಲ್ಲರೂ ರೆಕಾರ್ಡಿನ ಸುತ್ತ ಬಗ್ಗಿದರು. ನನ್ನ ತಲೆ ಮಾತ್ರ ಅದರ ಪಾಡಿಗೆ ಕೆಲಸ ಮಾಡುತ್ತಿತ್ತು: ಅಂಗಡಿಯದಲ್ಲವೆಂದರೆ ಹಡಗಿನಲ್ಲಿ ಬಂದದ್ದೂ ಅಲ್ಲ. ಇಲ್ಲೇ ಯಾರೋ ತಮ್ಮದೇ ವಾದನ ಕೊರೆಸಿಕೊಂಡದ್ದು. ಅದು ಅಣ್ಣನ ಟ್ರಂಕಿನಲ್ಲಿತ್ತು. ಮೇಡಂ ಪರವಾಗಿ ಅದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ, ಮತ್ತು ಅದು ಸಿಕ್ಕಿದ್ದು ರೆಕಾರ್ಡು ಹಾಳಾದದ್ದರಿಂದ.

ಉಳಿದ ಭಾಗವನ್ನು ಯಜಮಾನರು ಅವತ್ತೇ, ನಾಣ್ಯ ತೆಗೆದು, ಕಂಪ್ಯೂಟರಿಗೆ ಇಳಿಸಿದರು. ಪಿಯಾನೊ ಬಂತು, ಡ್ರಮ್ ಬಂತು. ಕ್ಲಾರಿನೆಟ್ ಬರಬೇಕಾದಲ್ಲಿ ಚಟಪಟ. ಮೇಡಂ ರೆಕಾರ್ಡನ್ನು ಮತ್ತೆ ಸೀರೆಯಲ್ಲಿ ಸುತ್ತಿಕೊಂಡು, ನಮಗೆಲ್ಲ ನಮಸ್ಕಾರ ಹೇಳಿ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಎರಡು ವಾರ ತಡೆದು, ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆ. ದಾರಿಯುದ್ದಕ್ಕೂ ವಾದವನ್ನು ಜೋಡಿಸಿಕೊಂಡಿದ್ದೆ. ಮೇಡಂ ಕೋಡುಬಳೆ, ಕಾಫಿ ಕೊಟ್ಟು ಎದುರಿಗೆ ಕುಳಿತರು. ನಾನು ಎಲ್ಲವನ್ನೂ ಹೇಳಿದೆ: ಒಂದೇ ಪ್ರತಿ, ಉಸಿರು, ನಡುದಾರಿಯಲ್ಲಿ ನಿಂತ ಸ್ವರ. ಜೀವನದಲ್ಲಿ ಅಷ್ಟು ಚೆನ್ನಾಗಿ ಎಂದೂ ವಾದಿಸಿರಲಿಲ್ಲ.

“ಅವತ್ತು ಆ ಕಡೆ ಮಾತಾಡಿದ್ರಿ. ಇವತ್ತು ಈ ಕಡೆ,” ಅಂದರು.

“ಅವತ್ತು ಹೇಳಿದ್ದು ತಪ್ಪು ಮೇಡಂ.”

“ತಪ್ಪೇನಿಲ್ಲ. ಮನೆಗೆ ಬಂದು ಯೋಚನೆ ಮಾಡಿದೆ. ಹನ್ನೊಂದು ವರ್ಷದ ಹುಡುಗಿ, ಅರವತ್ತು ವರ್ಷ. ಒಂದೂ ಸುಳ್ಳಿರಲಿಲ್ಲ ಅದರಲ್ಲಿ. ಅವನ ಜೊತೆ ಊದ್ತಿದ್ದ ಬೇರೆಯವರದ್ದೂ ಆಗಿರಬಹುದಲ್ಲ, ಇಟ್ಕೊಂಡಿರು ಅಂತ ಕೊಟ್ಟಿರಬಹುದು.”

ಅದು ನನಗೇ ಹೊಳೆದಿರಲಿಲ್ಲ. ಅವರು ಈಗ ನನಗಿಂತ ಚೆನ್ನಾಗಿ ಅನುಮಾನಿಸುತ್ತಿದ್ದರು.

“ನನಗೆ ಕೇಳಿಸ್ತು ಮೇಡಂ. ನಿಜವಾಗಲೂ. ಅದು ಅವರೇ.”

“ಯಾವ ಹುಡುಗರು ಯಾವಾಗ ‘ನಿಜವಾಗಲೂ’ ಅಂತಾರೆ ಅಂತ ಮೂವತ್ತು ವರ್ಷ ನೋಡಿದೀನಪ್ಪ.” ನಕ್ಕರು. “ನನಗೆ ಬೇಜಾರಾಗಬಾರದು ಅಂತ ಇಷ್ಟು ದೂರ ಬಂದಿದೀರಿ. ನಿಮ್ಮ ಮನಸ್ಸು ಒಳ್ಳೇದು.”

ಇನ್ನೊಮ್ಮೆ ಮೊದಲಿನಿಂದ ಹೇಳಲು ಬಾಯಿ ತೆರೆದೆ. ಎಷ್ಟು ಚೆನ್ನಾಗಿ ಹೇಳಿದರೆ ಅಷ್ಟು ಸುಳ್ಳಾಗಿ ಕೇಳಿಸುತ್ತದೆ ಎಂದು ಅರ್ಥವಾಗಿ ಮುಚ್ಚಿದೆ. ತಡವರಿಸಿ ಹೇಳಿದರೆ ನಂಬಬಹುದೇನೋ ಎಂದೂ ಅನ್ನಿಸಿತು. ಅದೂ ಒಂದು ಉಪಾಯವೇ ಎಂದು ನಾಚಿಕೆಯಾಯಿತು.

“ಮುಂಚೆ ಕಣ್ಣು ಮುಚ್ಚಿದ್ರೆ ಅವನು ಹಿತ್ತಲಲ್ಲಿ ಊದೋದು ಕೇಳ್ತಿತ್ತು,” ಅಂದರು ಮೇಡಂ, ನನ್ನ ಲೋಟ ಎತ್ತಿಕೊಳ್ಳುತ್ತಾ. “ಈಗ ಕೇಳ್ಸಿದ್ರೆ, ಇದು ಅವನಾ, ಆ ಪ್ಲೇಟಾ ಅಂತ ಶುರುವಾಗುತ್ತೆ. ಅದಕ್ಕೇ ಕಣ್ಣು ಮುಚ್ಚೋಕೇ ಹೋಗಲ್ಲ.”

ಒಳಗೆ ಹೋಗಿ ಸೀರೆಯ ಗಂಟನ್ನು ತಂದು ನನ್ನ ತೊಡೆಯ ಮೇಲಿಟ್ಟರು.

“ತಗೊಂಡ್ಹೋಗಿ. ಇಂಥವನ್ನ ಜೋಪಾನ ಮಾಡೋ ಜನ ನೀವು. ಯಾರದೋ ಪ್ಲೇಟು, ನಮ್ಮನೇಲಿ ಯಾಕೆ?”

ಬೇಡ ಎನ್ನಲು ಅವರು ಒಪ್ಪುವಂಥ ಒಂದು ಕಾರಣವೂ ನನ್ನಲ್ಲಿರಲಿಲ್ಲ. ತೆಗೆದುಕೊಂಡೆ.